ಹಾರ್ನಿನ ಮುಂದೆ ಹಿಡಿದ ಮೈಕು

ಇವತ್ತು ಬೆಳಿಗ್ಗೆ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆ ಹಿಂದಿನ ಕಲ್ಯಾಣ ಮಂಟಪದಲ್ಲಿ ಮೈಕು ‘ಕೂಯ್’ ಎಂದಿತು. ಕಾಫಿ ಲೋಟ ಹಿಡಿದಿದ್ದ ನನ್ನ ಕೈ, ಇಲ್ಲದ ವಾಲ್ಯೂಮಿನ ತಿರುಪನ್ನು ತಿರುವಲು ಹೋಗಿ ಪಂಚೆಯ ಮೇಲೆಲ್ಲ ಕಾಫಿ ಚೆಲ್ಲಿತು.

ಎಸ್ಸೆಸ್ಸೆಲ್ಸಿ ಮುಗಿಸಿದವನೇ ಹರಿಹರದಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟವನು ನಾನು. ಮರ ಹತ್ತಿ ಹಾರ್ನ್ ಸ್ಪೀಕರ್ ಕಟ್ಟುವುದಕ್ಕೆ ಮೊಣಕಾಲು ಒಲ್ಲೆ ಎನ್ನುವವರೆಗೂ ನಡೆಸಿದೆ. ಮದುವೆಯಾಗಲಿ, ನಾಟಕವಾಗಲಿ, ಮೈಕು ಕೂಗಿದರೆ ಜನ ಹಾಡುವವರನ್ನು ನೋಡುವುದಿಲ್ಲ. ತಿರುಗಿ ಮೈಕಿನವನನ್ನು ನೋಡುತ್ತಾರೆ. ಆ ನೋಟಕ್ಕೆ ಹೆದರಿಯೇ ಆಯುಷ್ಯ ಕಳೆದೆ ಎನ್ನಿ.

ಈಗ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಚೈತ್ರ ಮೂವರು ಗೆಳೆಯರ ಜೊತೆ ಬ್ಯಾಂಡ್ ಕಟ್ಟಿದ್ದಾಳೆ. ಹೆಸರು ‘ಅರಳೆ’. ಅವರ ಮೊದಲ ಆಲ್ಬಮ್ಮಿಗೂ ಅದೇ ಹೆಸರು.

“ಯಾಕವ್ವಾ, ಇನ್ನೊಂದು ಹೆಸರು ಸಿಗ್ಲಿಲ್ಲೇನು?” ಎಂದೆ.

“ನಿನ್ನ ಅಂಗಡಿಗೂ ನಿನ್ನ ಹೆಸ್ರೇ ಇತ್ತಲ್ಲಜ್ಜ!”

ಅವರದು ಷೂಗೇಜ್, ಅಂದರೆ ‘ಬೂಟು ನೋಡುವುದು’ ಎಂಬ ಬಗೆಯ ರಾಕ್ ಸಂಗೀತ. ಗಿಟಾರುಗಳ ಮೊರೆತ ಹಿಂಜಿದ ಹತ್ತಿಯಂತೆ ಕೋಣೆ ತುಂಬುತ್ತದೆ. ಹಾಡುವ ದನಿ ಒಳಗೆಲ್ಲೋ ಹತ್ತಿಕಾಳಿನಂತೆ ಅಡಗಿರುತ್ತದೆ. ಇದು ನನಗೆ ಆಮೇಲೆ ತಿಳಿದದ್ದು. ನುಡಿಸುವವರು ಗಿಟಾರಿನ ದನಿ ಬದಲಿಸುವ, ಕಾಲ ಬಳಿಯ ಪೆಡಲುಗಳನ್ನೇ ನೋಡುತ್ತಾ ನಿಲ್ಲುತ್ತಾರೆ. ಮೊದಲ ದಿನ ನನಗೆ ಎಲ್ಲರೂ ಮದುವೆ ಮನೆಯಲ್ಲಿ ಚಪ್ಪಲಿ ಕಳೆದುಕೊಂಡವರಂತೆ ಕಂಡರು.

ರೆಕಾರ್ಡಿಂಗಿಗೆ ಕರೂರು ಕೈಗಾರಿಕಾ ಪ್ರದೇಶದ ಒಂದು ಖಾಲಿ ಷೆಡ್ಡು ಒಂದೇ ಭಾನುವಾರದ ಮಟ್ಟಿಗೆ ಸಿಕ್ಕಿತ್ತು. ಮರುದಿನ ಅಲ್ಲಿ ಯಂತ್ರ ಇಳಿಸುವವರಿದ್ದರು. ಚೈತ್ರ ನನ್ನನ್ನು ದನಿಗಳನ್ನು ಏರಿಸಿ ಇಳಿಸುವ ಮಿಕ್ಸರಿನ ಮುಂದೆ ಕೂರಿಸಿ, “ಅಜ್ಜ, ಏನೂ ತಿರುವಬ್ಯಾಡ. ವಯರ್ ಕಿತ್ಕಂಡ್ರೆ ಅಷ್ಟೇ ನೋಡ್ಕೋ” ಎಂದಳು.

ಕೊನೆಯ ಹಾಡಿನಲ್ಲಿ ಗಿಟಾರು ಕೂಯ್ ಎಂದಿತು. ಕೈ ತಾನಾಗಿ ಹೋಯಿತು ಎಂದರೆ ಅರ್ಧ ಸುಳ್ಳು. ಮೊಮ್ಮಗಳ ದನಿ ಊರಿಗೆಲ್ಲ ಕೇಳಲಿ ಎಂಬ ಆಸೆಯೂ ಇತ್ತು. ಗಿಟಾರು ಇಳಿಸಿದೆ, ದನಿ ಏರಿಸಿದೆ. ಅವರೋ, ನೆಲ ನೋಡುತ್ತಿದ್ದರು.

ಮುಗಿದ ಮೇಲೆ ಹಾಕಿ ಕೇಳಿದರು. ಗಿಟಾರಿನ ಇಮ್ರಾನ್ ತಲೆ ಕೆರೆದುಕೊಂಡ. “ಅಜ್ಜಾರ, ವಾರ್ತೆ ಓದ್ದಂಗೆ ಕೇಳ್ತೈತ್ರಿ. ನನ್ನ ಗಿಟಾರ್ ಎಲ್ಲಿ ಹೋತ್ರಿ?”

“ಕರೆಂಟ್ ಡಿಮ್ ಆಗಿತ್ತಪ್ಪಾ” ಎಂದುಬಿಟ್ಟೆ. ಷೆಡ್ಡು ಬಿಡುವ ಹೊತ್ತಾಗಿತ್ತು. ಆಲ್ಬಮ್ಮಿಗೆ ಕೊನೆಯ ಹಾಡೇ ಇಲ್ಲವಾಯಿತು.

ಸ್ಕೂಟಿಯ ಹಿಂದೆ ಕೂತು ಬರುವಾಗ ಅವಳ ಬೆನ್ನಿಗೆ ಹೇಳಿದೆ: “ಕರೆಂಟ್ ಅಲ್ಲವ್ವಾ, ನಾನೇ ತಿರುವಿದ್ದು.”

“ಗೊತ್ತೈತಜ್ಜ. ಕರೆಂಟ್ ಡಿಮ್ ಆದ್ರೆ ನನ್ನ ದನಿ ಹೆಂಗೆ ಏರ್ತದೆ? ನೀನಾಗೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ.” ಗಾಡಿಯ ವೇಗ ಇಳಿಸಿ ಕೇಳಿದಳು: “ನಿನ್ನ ಅಂಗಡಿ ಬೀಗದಕೈ ಎಲ್ಲೈತೆ?”

ಮುಂದಿನ ಭಾನುವಾರ ಹರಿಹರದ ಆ ಮುಚ್ಚಿದ ಅಂಗಡಿಯ ಧೂಳು ಹೊಡೆದು ಮತ್ತೆ ನುಡಿಸಿದರು. ಈ ಸಲ ನನ್ನನ್ನು ಮಿಕ್ಸರಿನ ಹತ್ತಿರ ಬಿಡಲಿಲ್ಲ. ಚೈತ್ರ ನನ್ನ ಹಳೆಯ ಹಾರ್ನಿನ ಎದುರು ನಿಲ್ಲಿಸಿ ಕೈಗೆ ಮೈಕು ಕೊಟ್ಟಳು.

“ಈಗ ಕೂಯ್ ಅನ್ಸು.”

“ಥೂ, ಯಾರಾದ್ರೂ ನೋಡಿದ್ರೆ?”

“ನಾವು ನೆಲ ನೋಡ್ತಿರ್ತೀವಿ, ಬಿಡು.”

ಕಣ್ಣು ಮುಚ್ಚಿ ಮೈಕನ್ನು ಹಾರ್ನಿನ ಬಾಯಿಗೆ ಒಯ್ದೆ. ನಾನು ಬೇಕೆಂದೇ ಕೂಗಿಸಿದ ಮೊದಲ ಕೂಯ್ ಅದು. ಅದರ ಮೇಲೆ ಗಿಟಾರುಗಳು ಒಂದೊಂದಾಗಿ ಬಂದು ಕೂತವು. ಎಲ್ಲೋ ಒಳಗೆ ಚೈತ್ರಳ ದನಿ. ‘ಅರಳೆ’ಯ ಕೊನೆಯ ಹಾಡು ಶುರುವಾಗುವುದೇ ಹಾಗೆ. ನೀವೂ ಕೇಳಿ ನೋಡಿ.

ಇವತ್ತು ಮಂಟಪದ ಮೈಕಿನವನು ಓಡಿಬಂದಿರಬೇಕು, ಕೂಗು ಥಟ್ಟನೆ ನಿಂತಿತು. ಪಾಪ, ಎಲ್ಲರೂ ಅವನನ್ನೇ ನೋಡಿರುತ್ತಾರೆ. ನಾನು ಪಂಚೆ ಒರೆಸಿಕೊಳ್ಳುತ್ತಾ, ಆ ಕೂಗನ್ನು ಇನ್ನೊಂದು ಗಳಿಗೆ ಬಿಡಬಾರದಿತ್ತೇ ಎಂದುಕೊಂಡೆ.