ಒಪ್ಪಿಗೆ ಪತ್ರಕ್ಕೆ ನಾನು ಸೇರಿಸಿದ ಸಾಲುಗಳು

ಕೃಷ್ಣೆ ಊರೊಳಗೆ ನುಗ್ಗಿದ್ದರಿಂದ ನಮ್ಮನ್ನೆಲ್ಲ ದೋಣಿಯಲ್ಲಿ ದಾಟಿಸಿ, ಸುರಪುರದ ಶಾಲೆಯೊಂದರಲ್ಲಿ ಇಳಿಸಿದ್ದರು. ಒಂದು ಕೋಣೆಗೆ ಆರು ಮನೆ. ಪಕ್ಕದವನ ಗೊರಕೆಗೆ ಯಾದಗಿರಿಯ ರೈಲೇ ದಾರಿ ಬಿಡಬೇಕು. ಆ ಕೋಣೆಯಲ್ಲಿ ಹತ್ತನೆಯ ತರಗತಿಯವರೆಗೆ ಬಂದವನು ನಾನೊಬ್ಬನೇ. ಹಾಗಾಗಿ ಅರ್ಧ ತಹಶೀಲ್ದಾರನೂ ನಾನೇ.

ಯಾದಗಿರಿಯಿಂದ ಮಕ್ಕಳ ಮನಸ್ಸಿನ ಬಗ್ಗೆ ಸಂಶೋಧನೆ ಮಾಡುವ ಮೇಡಂ ಒಬ್ಬರು ಬಂದರು. ಊರು ಬಿಟ್ಟ ಮಕ್ಕಳ ಜೊತೆ ಆಡಿ, ಮಾತಾಡಿಸಿ, ಭಯ ಇಳಿಸುವುದು ಅವರ ಕೆಲಸ. ಅದಕ್ಕೆ ತಾಯಂದಿರು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕಿತ್ತು. ಅವರು ಬೇರೆ ಕೋಣೆಯಲ್ಲಿ ವಿವರಿಸುತ್ತಿದ್ದಾಗ ನಾನು ಒಂದು ಪ್ರತಿ ಹಾರಿಸಿಕೊಂಡು ಬಂದೆ. ಹೆಂಗಸರೆಲ್ಲ ಸುತ್ತ ಕೂತರು. ಅಷ್ಟು ಜನ ಕೇಳಲು ಕೂತಿರುವಾಗ ಬರೆದಷ್ಟೇ ಓದಲು ನಾನೇನು ಜೆರಾಕ್ಸ್ ಮಷೀನೇ?

"ಕೂಸಿನ ತಲಿಗಿ ವೈರ್ ಹಚ್ಚತಾರ್ರಿ. ಮನಸಿನ್ಯಾಗ ಇದ್ದದ್ದೆಲ್ಲ ಟಿವಿನ್ಯಾಗ ಬರ್ತದ. ಬಾಳ ಹೆದರಿದವ್ರನ್ನ ಬೆಂಗಳೂರಿಗಿ ಒಯ್ತಾರ. ದೊಡ್ಡವ್ರಾದ ಮ್ಯಾಲ ತಿರುಗಿ ಕೊಡ್ತಾರ."

"ನನ್ನ ಗಂಡನ್ನ ಒಯ್ಯಾಕ ಹೇಳೋ, ತಿರುಗಿ ಕೊಡೂದು ಬ್ಯಾಡ" ಎಂದಳು ಒಬ್ಬಾಕೆ. ಎಲ್ಲರೂ ನಕ್ಕರು.

ಸಣ್ಣವ್ವ ಮಾತ್ರ ನಗಲಿಲ್ಲ. ಅವಳ ಆರು ವರ್ಷದ ಮಗಳು ದೋಣಿ ಇಳಿದಾಗಿನಿಂದ ನೆಲಕ್ಕೆ ಬೆನ್ನು ಹಚ್ಚಿರಲಿಲ್ಲ. ಗೋಡೆಗೂ ಒರಗದೆ, ಮೊಳಕಾಲು ಅಪ್ಪಿ ಕೂತಲ್ಲೇ ತೂಕಡಿಸುತ್ತಿದ್ದಳು. ಊಟವನ್ನೂ ಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಸಣ್ಣವ್ವ ಗಂಟು ಕಟ್ಟಿ, ಮಗಳನ್ನು ಸೊಂಟಕ್ಕೇರಿಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದಿದ್ದಳು. ಶಹಾಪುರದ ಬಸ್ಸು ಹಿಡಿದು ದೋರನಹಳ್ಳಿಯ ತವರಿಗೆ ಹೋಗುವ ವಿಚಾರ. ನಾನು ಓಡಿದೆ. ಕುದುರೆಯನ್ನೂ ಹಿಂದೆ ಹಾಕಿದೆ ಎನ್ನಬಹುದು. ಒಂದು ಚಪ್ಪಲಿ ಕೈಯಲ್ಲಿತ್ತು ಎನ್ನುವುದಂತೂ ನಿಜ.

"ಸಣ್ಣವ್ವಾ, ಹೋಗಬ್ಯಾಡ."

"ಹೋಗದೇ ಏನ್ ಮಾಡ್ಲಿ? ಕೂಸಿನ್ನ ಬೆಂಗಳೂರಿಗಿ ಕೊಡಲೇನು?"

"ಅದು ಪತ್ರದಾಗ ಇಲ್ಲ. ನಾನೇ ಸೇರಿಸೀನಿ."

ಬಸ್ಸು ಬಂದು ನಿಂತಿತ್ತು. ಅವಳ ಒಂದು ಕಾಲು ಮೆಟ್ಟಿಲ ಮೇಲಿತ್ತು.

"ಹತ್ತವ್ವಾ, ಇಲ್ಲಾಂದ್ರ ಇಳಿ" ಎಂದ ಕಂಡಕ್ಟರ್.

"ಎಷ್ಟು ಸೇರಿಸಿದಿ?" ಎಂದಳು ನನಗೆ.

"ವೈರು, ಟಿವಿ, ಬೆಂಗಳೂರು... ಎಲ್ಲಾ."

ಕಪಾಳಕ್ಕೆ ಒಂದು ಬಿತ್ತು. ಸದ್ದು ಶಹಾಪುರಕ್ಕೆ ಬಸ್ಸಿಗಿಂತ ಮೊದಲು ಮುಟ್ಟಿರಬೇಕು. ಬಸ್ಸು ಅವಳನ್ನು ಬಿಟ್ಟು ಹೋಯಿತು.

"ಈಗ ಓದು. ನಿಂದೊಂದು ಅಕ್ಷರ ಬರಬಾರದು."

ಕಿಸೆಯಿಂದ ಪತ್ರ ತೆಗೆದು ಓದಿದೆ. 'ಮಗು ಬೇಡ ಎಂದರೆ ಆ ಕ್ಷಣವೇ ನಿಲ್ಲಿಸುತ್ತೇವೆ' ಎಂಬ ಸಾಲನ್ನು ಅವಳು ಮೂರು ಸಲ ಓದಿಸಿದಳು.

ಶಾಲೆಗೆ ಮರಳಿ ಹೆಬ್ಬೆಟ್ಟು ಒತ್ತಿದಳು. ಮೇಡಂ ಹುಡುಗಿಯ ಪಕ್ಕದಲ್ಲಿ, ಅವಳ ಹಾಗೆಯೇ ಮೊಳಕಾಲು ಅಪ್ಪಿ ಕೂತರು. ನಾನು ಬಾಗಿಲಲ್ಲೇ ನಿಂತೆ.

"ನಾವಿಬ್ಬರೂ ಎಲ್ಲಿ ಕುಂತೀವಿ?" ಎಂದರು ಮೇಡಂ.

"ದೋಣ್ಯಾಗ."

"ಅಲುಗಾಡಿದ್ರ?"

"ಅವ್ವ ಬೀಳ್ತಾಳ."

ಸಣ್ಣವ್ವ ಗಂಟನ್ನು ಮೂಲೆಗೆ ಒಗೆದಳು. ಅಷ್ಟು ಜನರ ನಡುವೆ ನೆಲದ ಮೇಲೆ ಉದ್ದಕ್ಕೆ ಮಲಗಿ, ಆ ಕಡೆ ಈ ಕಡೆ ಹೊರಳಿದಳು.

"ನೋಡವ್ವಾ, ಬಿದ್ದೀನೇನು ನಾ?"

ಹುಡುಗಿ ಅಂಗೈಯಿಂದ ನೆಲವನ್ನು ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿದಳು. ಆಮೇಲೆ ಒಂದು ಕಾಲನ್ನು, ಒಂದೇ ಒಂದನ್ನು, ಮುಂದೆ ಚಾಚಿದಳು.