ಕಂಪ್ಯೂಟರಿಗೆ ಕೊಟ್ಟ ತಾಂಬೂಲ

ಊಟವಾದ ಮೇಲೆ ನಮ್ಮನೆಯವಳು ಎಲೆ-ಅಡಿಕೆಯ ತಟ್ಟೆಯನ್ನು ನನ್ನ ಕಡೆಗೆ ತಳ್ಳುತ್ತಾಳೆ. ನಮ್ಮ ಮದುವೆಯಷ್ಟೇ ಹಳೆಯ ರೂಢಿ ಇದು. ಹೊಳಲ್ಕೆರೆಯಲ್ಲಿ ಮನೆ ಮಾಡಿಕೊಂಡು ಅಡಿಕೆ ಬೇಡ ಎಂದರೆ ನೆರೆಹೊರೆಯವರು ಆರೋಗ್ಯ ವಿಚಾರಿಸಲು ಬಂದುಬಿಡುತ್ತಾರೆ. ಆದರೂ ಈಚೆಗೆ ಆ ತಟ್ಟೆ ನೆಲದ ಮೇಲೆ ಸರ್ರನೆ ಜಾರಿಬಂದು ಮಂಡಿಗೆ ತಾಗಿದಾಗ ನನ್ನ ಕೈ ಸ್ವಲ್ಪ ಹಿಂಜರಿಯುತ್ತದೆ. ಇವತ್ತು ಮಧ್ಯಾಹ್ನವೂ ಹಾಗೇ ಆಯಿತು.

"ಯಾಕ್ರಿ, ಅಡಿಕೆ ಕಚ್ತದಾ?" ಎಂದಳು.

ಅವಳಿಗೆ ವಿಷಯ ಗೊತ್ತು, ಅದಕ್ಕೇ ಚುಚ್ಚುವುದು. ನಿಮಗೆ ಗೊತ್ತಿಲ್ಲವಲ್ಲ, ಹೇಳುತ್ತೇನೆ. ತಪ್ಪನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಕೊಂಡರೆ ಒಂದಿಷ್ಟು ಚಿಕ್ಕದಾಗಿ ಕಂಡೀತು ಎಂಬ ಆಸೆಯೂ ಇದೆ.

ನಾನು ಹೊಸದುರ್ಗ ತಾಲ್ಲೂಕಿನಲ್ಲಿ, ಮತ್ತೋಡಿನಿಂದ ಆಚೆಯ ಒಂದು ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದೆ. ಎಸ್ಸೆಸ್ಸೆಲ್ಸಿಯನ್ನು ಒಂದೇ ಸಲಕ್ಕೆ ಪಾಸು ಮಾಡಿದವನು. ಅದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ, ಆದರೆ ಹೇಳದೆ ಇರಲು ನನ್ನಿಂದ ಇವತ್ತಿಗೂ ಆಗಿಲ್ಲ. ಶಾಲೆಯ ಎಲ್ಲ ಬಾಗಿಲುಗಳ ಕೀಲಿಯೂ ನನ್ನ ಸೊಂಟದಲ್ಲಿ ತೂಗುತ್ತಿತ್ತು. ಮಕ್ಕಳು ನನ್ನನ್ನು 'ಬೀಗದಣ್ಣ' ಎಂದು ಕರೆಯುತ್ತಿದ್ದರು. ಹೆಡ್‌ಮಾಸ್ಟರರಿಗಿಂತ ನಾನೇ ದೊಡ್ಡವನು ಎಂದು ನನಗೆ ಆಗಾಗ ಅನ್ನಿಸುತ್ತಿದ್ದುದುಂಟು. ಅವರಿಗೆ ಒಂದು ಕೋಣೆಗೆ ಹೋಗಬೇಕಾದರೂ ನಾನು ಬೇಕಿತ್ತಲ್ಲ.

ಅಂಥ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಒಂದೇ ಒಂದು. ಅದಕ್ಕೊಂದು ಕೋಣೆ ಗುಡಿಸಿ, ಸುಣ್ಣ ಬಳಿಸಿ, 'ಚಪ್ಪಲಿ ಹೊರಗೆ ಬಿಡಿ' ಎಂದು ಹಲಗೆ ಬರೆಸಿದೆವು. ವಾರ್ಷಿಕೋತ್ಸವದ ವೇದಿಕೆಯ ಹಳೆಯ ಪರದೆ ಇತ್ತು, ಕುಂಕುಮ ಬಣ್ಣದ ಮಖಮಲ್ಲು. ಅದನ್ನು ಕತ್ತರಿಸಿ ನಾನೇ ಕೈಯಾರೆ ಅದಕ್ಕೆ ಹೊದಿಕೆ ಹೊಲಿದೆ. ಗುಡಿಯ ಬಾಗಿಲಲ್ಲೂ ಬೂಟು ಬಿಚ್ಚಲು ಗೊಣಗುತ್ತಿದ್ದ ಹೆಡ್‌ಮಾಸ್ಟರರು ಈ ಕೋಣೆಯ ಮುಂದೆ ಮಾತಿಲ್ಲದೆ ಬಿಚ್ಚುತ್ತಿದ್ದರು. ಒಳಗೆ ಬಂದು, ಕೈ ಹಿಂದೆ ಕಟ್ಟಿಕೊಂಡು ನೋಡಿ, "ಚೆನ್ನಾಗಿ ನೋಡ್ಕಳಪ್ಪ" ಎಂದು ಹೋಗುತ್ತಿದ್ದರು. ನೋಡಿಕೊಳ್ಳುವುದು ಎಂದರೆ ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುವುದು ಎಂದೇ ನಾವಿಬ್ಬರೂ ತಿಳಿದಿದ್ದೆವು.

ಮುಟ್ಟುತ್ತಿದ್ದವರು ಒಬ್ಬರೇ, ಲೆಕ್ಕದ ಗಿರಿಜಾ ಟೀಚರ್. ಎಲ್ಲೋ ತರಬೇತಿಗೆ ಹೋಗಿ ಕಲಿತು ಬಂದಿದ್ದರು. ಶಾಲೆ ಬಿಟ್ಟ ಮೇಲೆ ಹತ್ತನೆಯ ತರಗತಿಯ ನಾಲ್ಕಾರು ಹುಡುಗಿಯರನ್ನು ಕೂರಿಸಿಕೊಂಡು ಹೆಸರು ಬರೆಯುವುದನ್ನು ಕಲಿಸುತ್ತಿದ್ದರು. ನಾನು ಬಾಗಿಲಲ್ಲಿ ಕೀಲಿ ಹಿಡಿದು ನಿಂತಿರುತ್ತಿದ್ದೆ. ಅವರು ಒಂದು ಗುಂಡಿ ಒತ್ತಿದರೆ ಪೆಟ್ಟಿಗೆಯೊಳಗಿಂದ ಒಂದು ತಟ್ಟೆ ತಾನಾಗಿ ಹೊರಗೆ ಬರುತ್ತಿತ್ತು. ಅದರಲ್ಲಿ ಸಿ.ಡಿ. ಇಟ್ಟರೆ ಒಳಗೆ ಹೋಗುತ್ತಿತ್ತು. ಅದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುತ್ತಿರಲಿಲ್ಲ. ಯಂತ್ರವೊಂದು ಕೈ ಚಾಚಿ ಕೇಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆ ವರ್ಷ ಆಯುಧಪೂಜೆ ಬಂತು. ಶಾಲೆಯ ಗಂಟೆಗೆ, ತಕ್ಕಡಿಗೆ, ಲ್ಯಾಬಿನ ಗಾಜುಗಳಿಗೆಲ್ಲ ಕುಂಕುಮ ಇಟ್ಟುಕೊಂಡು ಬಂದೆ. ಕಂಪ್ಯೂಟರಿಗೆ ವಿಭೂತಿ ಪಟ್ಟೆ ಎಳೆದು ಹೂವು ಮುಡಿಸಿದೆ. ಎಲೆ-ಅಡಿಕೆ ಎಲ್ಲಿಡುವುದು? ನೆಲದ ಮೇಲಿಟ್ಟರೆ ಇದು ಗಂಟೆಗೆ ಸಮವಾಗಿಬಿಡುತ್ತದೆ. ಆಗ ಆ ತಟ್ಟೆ ನೆನಪಾಯಿತು. ಯಂತ್ರದ ಸ್ವಿಚ್ ಹಾಕಿದೆ. ಗುಂಡಿ ಒತ್ತಿದೆ. ಬಂತು. ಎರಡು ವೀಳ್ಯದೆಲೆ, ಅದರ ಮೇಲೆ ಒಂದು ಅಡಿಕೆ ಹೋಳು. ಹೆಡ್‌ಮಾಸ್ಟರರು ದೂರದಿಂದಲೇ ಮಂಗಳಾರತಿ ಎತ್ತಿ ಹೋದರು. ಅಷ್ಟರಲ್ಲಿ ಕರೆಂಟು ಹೋಯಿತು. ನಾನು ಪ್ರಸಾದದ ಚರುಪು ಹಂಚಲು ಹೋದೆ. ವಾಪಸು ಬರುವಾಗ ಕರೆಂಟು ಬಂದಿತ್ತು, ಯಂತ್ರ ಗುಂಯ್‌ಗುಡುತ್ತಿತ್ತು, ತಟ್ಟೆ ಹೊರಗೆ ಇರಲಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡುಬಿಟ್ಟಿತ್ತು.

ಗುಂಡಿ ಒತ್ತಿದೆ. ಒಳಗೆ ಕರಕರ ಸದ್ದಾಯಿತು, ತಟ್ಟೆ ಬರಲಿಲ್ಲ. ದೇವರನ್ನು ನೆನೆದು ಒತ್ತಿದೆ. ಬರಲಿಲ್ಲ. ಹಬ್ಬದ ರಜೆ ಪೂರ್ತಿ ಅದೇ ಯೋಚನೆ. ಶಾಲೆ ಶುರುವಾದ ದಿನ ಎಲ್ಲರಿಗಿಂತ ಮೊದಲು ಬಂದು, ಹಿಂದುಗಡೆಯ ಒಂದು ತಂತಿಯನ್ನು ಸಡಿಲ ಮಾಡಿ, ಹೆಡ್‌ಮಾಸ್ಟರರ ಮುಂದೆ ನಿಂತು, "ಕಂಪ್ಯೂಟರ್ ಕೆಟ್ಟೈತೆ ಸಾರ್" ಎಂದೆ.

ನಿಜ ಹೇಳಬೇಕೆಂದರೆ ಅವರ ಮುಖದಲ್ಲಿ ಒಂದು ನಿರಾಳ ಕಂಡಿತು. ಆದರೆ ಯಾರ ಮೇಲಾದರೂ ರೇಗಬೇಕಿತ್ತಲ್ಲ. ರಜೆಗೆ ಮುಂಚೆ ಕಡೆಯದಾಗಿ ಅದರ ಮುಂದೆ ಕೂತಿದ್ದು ಯಾರು ಎಂದು ಕೇಳಿದರು. ನಾಗವೇಣಿ ಎಂಬ ಹುಡುಗಿ. ಅವಳನ್ನು ಕರೆಸಿದರು.

"ಏನ್ ಒತ್ತಿದ್ಯಮ್ಮ?"

"ನಾನೇನೂ ಮಾಡಿಲ್ಲ ಸಾರ್."

"ಏನೂ ಮಾಡ್ದೆ ಕೆಡ್ತದಾ?"

ಹುಡುಗಿ ಅತ್ತಳು. ಗಿರಿಜಾ ಟೀಚರ್ ಅವಳ ಪರವಾಗಿ ಏನೋ ಹೇಳಲು ಹೋಗಿ ತಾವೂ ಬೈಸಿಕೊಂಡರು. ಹುಡುಗಿಯರು ಇನ್ನು ಆ ಕೋಣೆಗೆ ಕಾಲಿಡಕೂಡದು ಎಂದಾಯಿತು. ನಾನು ಬಾಗಿಲಲ್ಲಿದ್ದೆ. ಅಟೆಂಡರನ್ನು ಯಾರೂ ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ.

ಆಮೇಲೆ ವರ್ಷಗಟ್ಟಲೆ ಆ ಕೋಣೆಗೆ ಬೀಗ. ಕೆಟ್ಟಿದೆ ಎಂದು ಎಲ್ಲರಿಗೂ ಗೊತ್ತಿರುವ ವಸ್ತುವನ್ನು ಮುಟ್ಟಿ ತಮ್ಮ ತಲೆಯ ಮೇಲೆ ತಂದುಕೊಳ್ಳಲು ಯಾರು ಬರುತ್ತಾರೆ? ನಾನು ಮಾತ್ರ ತಪ್ಪದೆ ಧೂಳು ಹೊಡೆದು, ಹೊದಿಕೆಗೆ ನುಸಿಗುಳಿಗೆ ಇಟ್ಟು, ಪ್ರತಿ ಆಯುಧಪೂಜೆಗೂ ಕುಂಕುಮ ಹಚ್ಚುತ್ತಿದ್ದೆ. ಎಲೆ-ಅಡಿಕೆಯನ್ನು ನೆಲದ ಮೇಲಿಡುತ್ತಿದ್ದೆ. ಕೊನೆಗೆ ಹೊಸ ಕಂಪ್ಯೂಟರುಗಳು ಬಂದು ಇದನ್ನು ಹಳೆಯ ಬೆಂಚುಗಳ ಜೊತೆ ಗುಜರಿಗೆ ಹಾಕುತ್ತೇವೆ ಎಂದಾಗ ನಾನೇ ಕೊಂಡುಕೊಂಡೆ. ಗುಜರಿಯವನು ಬಿಚ್ಚಿದರೆ ಅಡಿಕೆ ಹೊರಗೆ ಬರುತ್ತದಲ್ಲ, ಆ ಭಯಕ್ಕೆ. ನನ್ನ ಬೀಳ್ಕೊಡುಗೆಯ ದಿನ ಇದನ್ನೇ ಎತ್ತಿ ಹೊಗಳಿದರು. ಶಾಲೆಯ ಆಸ್ತಿಯನ್ನು ಮಗುವಿನಂತೆ ಕಾಪಾಡಿದ ಮಹನೀಯ ಎಂದರು. ನಾನು ತಲೆ ತಗ್ಗಿಸಿ ಹಾರ ಹಾಕಿಸಿಕೊಂಡೆ. ತಲೆ ತಗ್ಗಿಸಿದ್ದನ್ನು ವಿನಯ ಎಂದುಕೊಂಡು ಇನ್ನೊಂದು ಸುತ್ತು ಚಪ್ಪಾಳೆ ಹೊಡೆದರು.

ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಅದು ದೇವರ ಮನೆಯ ಪಕ್ಕದ ಮೂಲೆಯಲ್ಲಿ ಮಖಮಲ್ಲು ಹೊದ್ದು ಕೂತಿತ್ತು. ನಮ್ಮನೆಯವಳು ಅದರ ಮೇಲೆ ಹಪ್ಪಳದ ಡಬ್ಬಿ ಇಡುತ್ತಿದ್ದಳು. ಹಾಗೇ ಇದ್ದುಬಿಟ್ಟಿದ್ದರೆ ನನ್ನ ಜೊತೆಗೇ ಅದರ ಕತೆಯೂ ಮುಗಿಯುತ್ತಿತ್ತು. ಆದರೆ ಕಳೆದ ವರ್ಷ ಒಂದು ಮದುವೆಮನೆಯಲ್ಲಿ ಇವಳಿಗೆ ಗಿರಿಜಾ ಟೀಚರ್ ಸಿಕ್ಕಿದ್ದಾರೆ. ಅವರೂ ನಿವೃತ್ತರು, ಈಗ ಚಿತ್ರದುರ್ಗದಲ್ಲಿ ವಾಸ. ಜನ ಬಿಸಾಡುವ ಹಳೆಯ ಕಂಪ್ಯೂಟರುಗಳನ್ನು ಎತ್ತಿಕೊಂಡು ಹೋಗಿ, ಯಾವುದೋ ಹಗುರದ ವ್ಯವಸ್ಥೆ ಹಾಕಿ, ಮತ್ತೆ ನಡೆಯುವಂತೆ ಮಾಡಿ ಬೇಕಾದವರಿಗೆ ಕೊಡುತ್ತಾರಂತೆ. "ನಮ್ಮನ್ಯಾಗೂ ಒಂದೈತೆ, ಬರ್ರಿ ಟೀಚರ್" ಎಂದಿದ್ದಾಳೆ ಇವಳು. ನನ್ನ ಕೇಳಲೇ ಇಲ್ಲ.

ಬಂದೇಬಿಟ್ಟರು. ಕೈಚೀಲದಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ಬಣ್ಣದ ಬ್ರಷ್ಷು, ಕೆಲವು ಸಿ.ಡಿ.ಗಳು. ನನಗೆ ಹಳೆಯ ಮಾತೇ ಬಾಯಿಗೆ ಬಂತು.

"ಅದು ಕೆಟ್ಟೈತೆ ಟೀಚರ್."

"ಕೆಟ್ಟಿದ್ರೆ ನೋಡಾಣ ಬಿಡಣ್ಣ. ಕೆಟ್ಟಿರವೇ ನಮಗೆ ಬೇಕಾಗಿರದು" ಎಂದು ಹಪ್ಪಳದ ಡಬ್ಬಿ ಕೆಳಗಿಳಿಸಿದರು.

ಹಿಂದಿನ ತಂತಿಯನ್ನು ಒಂದು ಸಲ ಅಮುಕಿದ್ದಕ್ಕೇ ಪರದೆಯ ಮೇಲೆ ಅಕ್ಷರ ಮೂಡಿತು. ಒಳಗಿನ ಪುಟ್ಟ ಸೆಲ್ಲು ಸತ್ತಿದ್ದರಿಂದ ಅದು ಯಾವುದೋ ಹಳೆಯ ತಾರೀಕು ತೋರಿಸುತ್ತಿತ್ತು. ನಡುವಿನ ವರ್ಷಗಳೇ ನಡೆದಿಲ್ಲ ಎಂಬಂತೆ. ನನಗೂ ಹಾಗೆ ಮಾಡಲು ಬರುವಂತಿದ್ದರೆ ಎನ್ನಿಸಿತು.

"ಈಗಿನ ಭಾರದ ಸಾಫ್ಟ್‌ವೇರ್ ಹಾಕಿದ್ರೆ ಇದು ಉಸಿರುಗಟ್ಟಿ ಸಾಯ್ತದೆ. ಇದಕ್ಕೆ ಲಿನಕ್ಸ್ ಅಂತ ಹಗುರದ್ದೊಂದು ಹಾಕ್ತೀನಿ" ಎಂದರು ಟೀಚರ್. "ಇದನ್ನ ಯಾರೂ ನಂದು ಅಂತ ಬೀಗ ಹಾಕಿಲ್ಲ ಅಣ್ಣ. ಯಾರ್ಯಾರೋ ಎಲ್ಲೆಲ್ಲೋ ಕುಂತು ಬರ್ದವ್ರೆ. ಒಳಗೆ ಏನೈತೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು."

ಬಿಚ್ಚಿ ನೋಡುವುದು ಎಂಬ ಮಾತು ಬಂದದ್ದೇ ನಾನು ನಡುವೆ ಬಾಯಿ ಹಾಕಿದೆ. "ಪೆನ್‌ಡ್ರೈವ್ ಹಾಕ್ರಿ ಟೀಚರ್, ಅದೇ ಒಳ್ಳೇದು" ಎಂದೆ. ಪೆನ್‌ಡ್ರೈವ್ ಎಂಬ ಹೆಸರನ್ನು ಎಲ್ಲೋ ಕೇಳಿದ್ದೆ ಅಷ್ಟೆ, ಕಂಡವನಲ್ಲ.

"ಇದು ಹಳೇದಣ್ಣ, ಅದ್ರಿಂದ ಏಳಲ್ಲ. ಸಿ.ಡಿ.ನೇ ಆಗ್ಬೇಕು" ಎಂದು ಗುಂಡಿ ಒತ್ತಿದರು. ಕರಕರ. ಮತ್ತೆ ಒತ್ತಿದರು. ಕರಕರ. ನಾನು ನೀರು ಕುಡಿಯಲು ಎದ್ದೆ. "ಇಲ್ಲೊಂದು ಸಣ್ಣ ತೂತು ಇರ್ತದೆ, ಹಿಂಗೆ ಸಿಕ್ಕಂಡಾಗ ತೆಗೀಲಿ ಅಂತಾನೇ ಇಟ್ಟಿರ್ತಾರೆ" ಎಂದು ಅವರು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ನೆಟ್ಟಗೆ ಮಾಡಿ, ಆ ತೂತಿಗೆ ಚುಚ್ಚಿದರು. ಇಷ್ಟು ವರ್ಷ ನಾನು ಕಾದಿದ್ದ ಬಾಗಿಲಿಗೆ ಒಂದು ಪಿನ್ನಿನ ಕೀಲಿ ಸಾಕಾಗಿತ್ತು.

ತಟ್ಟೆ ಹೊರಗೆ ಬಂತು. ಹೊಗೆಸೊಪ್ಪಿನಂತೆ ಒಣಗಿದ ಎರಡು ಎಲೆ, ನಡುವೆ ಅಡಿಕೆ ಹೋಳು. ಎಲೆ ಮುಟ್ಟಿದ್ದೇ ಪುಡಿಯಾಯಿತು. ಅಡಿಕೆಗೆ ಮಾತ್ರ ಏನೂ ಆಗಿರಲಿಲ್ಲ.

ಟೀಚರ್ ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿದರು. "ಯಾವ ಹಬ್ಬದ್ದಣ್ಣ ಇದು?"

"ಆಯುಧಪೂಜೆದು. ಮೊದಲ್ನೇ ವರ್ಷದ್ದು." ಅಲ್ಲಿಂದ ಮುಂದೆ ಎಲ್ಲವನ್ನೂ ಹೇಳಿದೆ, ತಂತಿ ಸಡಿಲ ಮಾಡಿದ್ದನ್ನೂ. ನಮ್ಮನೆಯವಳು ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

ಟೀಚರ್ ಬ್ರಷ್ಷಿನಿಂದ ತಟ್ಟೆಯನ್ನು ಗುಡಿಸಿದರು. ಆಮೇಲೆ ಹೇಳಿದರು: "ನಾಗವೇಣಿ ಈಗ ಹಿರಿಯೂರಿನಾಗವ್ಳೆ. ತೆಂಗಿನಕಾಯಿ ಮಂಡಿ ಅವರದು. ವ್ಯಾಪಾರ ಎಲ್ಲ ಅವಳದೇ. ಆದ್ರೆ ಫೋನ್ ಮಾತ್ರ ಗಂಡನೇ ನೋಡ್ಬೇಕು. ಮೊನ್ನೆ ಹೋಗಿದ್ದೆ. 'ಅವರು ಬರ್ಲಿ ಟೀಚರ್, ನಾನು ಮುಟ್ಟಿದ್ರೆ ಏನಾದ್ರೂ ಕೆಡ್ತದೆ' ಅಂದ್ಲು. ಅವಳ ಸ್ವಭಾವನೇ ಹಂಗೆ ಅನ್ಕಂಡಿದ್ದೆ."

"ನಂದು ತಪ್ಪಾತು ಟೀಚರ್."

"ನಂಗೆ ಹೇಳಿ ಏನು ಬಂತು? ಹಿರಿಯೂರಿಗೆ ಬಸ್ಸವೆ" ಎಂದು ಅಡಿಕೆ ಹೋಳನ್ನು ನನ್ನ ಅಂಗೈಗೆ ಹಾಕಿದರು.

ಅವತ್ತು ಸಂಜೆಯೊಳಗೆ ಆ ಯಂತ್ರ ಕನ್ನಡದಲ್ಲಿ ಎದ್ದು ಕೂತಿತು. 'ಕಡತ' ಎಂಬ ಪದ ಪರದೆಯ ತಲೆಯ ಮೇಲೇ ಇತ್ತು. ಮುದುಕ ಕಚ್ಚೆ ಬಿಗಿದು ನಡೆದಂತೆ ನಿಧಾನ, ಆದರೆ ಎಲ್ಲೂ ನಿಲ್ಲಲಿಲ್ಲ. ಟೀಚರ್ ಎರಡು ಮೂರು ಸಲ ಬಂದು ನನಗೂ ಅದನ್ನು ಹಚ್ಚುವುದು, ಆರಿಸುವುದು, ನಾಲ್ಕು ಸಾಲು ಬರೆಯುವುದನ್ನು ಕಲಿಸಿದರು. ಯಾವ ತಂತಿ ಎಲ್ಲಿಗೆ ಎಂದು ಮರೆಯಬಾರದೆಂದು ಒಂದಕ್ಕೆ ಕುಂಕುಮ, ಇನ್ನೊಂದಕ್ಕೆ ಅರಿಶಿನ, ಮತ್ತೊಂದಕ್ಕೆ ವಿಭೂತಿ ಹಚ್ಚಿಕೊಂಡೆ. ಅಭ್ಯಾಸ ಬಿಡುವುದಿಲ್ಲ ನೋಡಿ.

ಹಳೆಯ ಡಬ್ಬಿಪರದೆಯ ಬದಲು ಟೀಚರ್ ಕೊಟ್ಟ ತೆಳುವಾದದ್ದನ್ನು ಕಂಕುಳಲ್ಲಿ ಇರುಕಿ, ಪೆಟ್ಟಿಗೆಯನ್ನು ಮಖಮಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ದುರ್ಗದ ಮೇಲೆ ಹಿರಿಯೂರಿಗೆ ಹೋದೆ. "ಏನಜ್ಜಾ, ಉತ್ಸವ ಮೂರ್ತಿನಾ?" ಎಂದ ಕಂಡಕ್ಟರು. ಹೆಚ್ಚುಕಡಿಮೆ ಹಾಗೇ ಎಂದೆ.

ನಾಗವೇಣಿ ಕಾಯಿರಾಶಿಯ ಮುಂದೆ ನಿಂತು ಆಳುಗಳಿಗೆ ಜೋರು ಮಾಡುತ್ತಿದ್ದಳು. ನನ್ನನ್ನು ಕಂಡು, "ಬೀಗದಣ್ಣ ಅಲ್ವಾ? ಬರ್ರಿ, ಕುಂತ್ಕಳ್ರಿ" ಎಂದಳು. ಕೂರದೆಯೇ ಹೇಳಿದೆ. ಕೂತರೆ ಬೇರೆ ಮಾತು ಬಂದುಬಿಡುತ್ತಿತ್ತು. ಅಡಿಕೆ ಹೋಳನ್ನು ಅವಳ ಮುಂದೆ ಇಟ್ಟೆ.

"ಎಲೆ ಅಡಿಕೆ ಇಟ್ರಾ? ಯಾಕೆ, ಅದು ಅಗೀಲಿ ಅಂತಾನಾ?" ಎಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು. "ಅವತ್ತು ನೀವು ಬಾಗ್ಲಾಗೇ ಇದ್ರಿ."

"ಇದ್ದೆ ಕಣವ್ವ."

"ಕೀಲಿ ಗೊಂಚಲು ತಿರುವ್ತಾ ಇದ್ರಿ. ಆ ಸದ್ದು ನಂಗೆ ಈಗ್ಲೂ ಜ್ಞಾಪಕ ಐತೆ."

ಅದು ನನಗೆ ಮರೆತೇಹೋಗಿತ್ತು. ಕ್ಷಮಿಸು ಎಂದೆ. ಅವಳು ಆಳುಗಳ ಕಡೆ ತಿರುಗಿ ಕಾಯಿ ಎಣಿಸಲು ಹೇಳಿದಳು. "ಇದನ್ನ ಇಲ್ಲೇ ಬಿಟ್ಟು ಹೋಗ್ತೀನಿ, ನಿಂದು" ಎಂದೆ. "ನಾನಂತೂ ಮುಟ್ಟಲ್ಲ" ಎಂದಳು. ಮೂಲೆಯ ಮೇಜಿನ ಮೇಲೆ ಜೋಡಿಸಿ ಬಂದೆ.

ಆಮೇಲೆ ಬಿಡುವಾದಾಗಲೆಲ್ಲ ಹೋಗತೊಡಗಿದೆ. ನಾನು ಅದರ ಮುಂದೆ ಕೂತು ಕಾಯಿ ಕೊಂಡವರ ಊರು-ಹೆಸರು ಬರೆಯುವುದು, ಅವಳು ದೂರ ನಿಂತು ನೋಡುವುದು. ಒಂದು 'ಗುರುಸಿದ್ದಪ್ಪ' ಬರೆಯಲು ನನಗೆ ಒಂದು ಲೋಟ ಟೀ ಆರುವಷ್ಟು ಹೊತ್ತು ಬೇಕು. ಆಮೇಲೆ "ಅಲ್ಲಲ್ಲ, ಆ ಕಡೀದು" ಎನ್ನತೊಡಗಿದಳು. ಒಂದು ದಿನ ಹೊರಗೆ ಲಾರಿ ಹಾರನ್ನು ಹೊಡೆಯುತ್ತಿತ್ತು, ಒಳಗೆ ನಾನು ಒಂದು ಒತ್ತಕ್ಷರ ಹುಡುಕುತ್ತಿದ್ದೆ. "ಸರೀರಿ ಅಜ್ಜಾ ಅತ್ಲಾಗೆ! ನಿಮ್ಮ ಕೈಯಾಗೆ ಕಾಯಿ ಮೊಳಕೆ ಒಡೀತವೆ" ಎಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನೇ ಕೂತಳು. ನಾನು ಬೇಕೆಂದೇ ತಡ ಮಾಡಿದೆ ಎಂದು ಬರೆದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಇನ್ನೊಂದು ಸುಳ್ಳು ಬೇಡ. ನಿಜವಾಗಿಯೂ ನನಗೆ ಬರುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಎಲೆ-ಅಡಿಕೆಯ ತಟ್ಟೆ ಬಂತು ಎಂದೆನಲ್ಲ, ಆಗಲೇ ಫೋನು ಬಡಿದುಕೊಂಡಿತು. ನಾಗವೇಣಿ, ತನ್ನದೇ ಫೋನಿನಿಂದ.

"ಅಜ್ಜಾ, ನಿಮ್ಮ ಮಿಷಿನ್ ಕೆಟ್ಟೈತೆ. ಬೆಳಗ್ಗಿಂದ ಬರ್ದಿದ್ದೆಲ್ಲ ಎಲ್ಲಿಗೋ ಹೋತು. ನಿನ್ನೆ ಬಂದಾಗ ಏನ್ ಒತ್ತಿ ಹೋದ್ರಿ?"

"ನಾನೇನೂ ಮಾಡಿಲ್ಲ ಕಣವ್ವ."

"ಏನೂ ಮಾಡ್ದೆ ಕೆಡ್ತದಾ?"

ಆ ಕಡೆಯಿಂದ ರಾಶಿಯ ಮೇಲೆ ಕಾಯಿ ಬೀಳುವ ಸದ್ದಷ್ಟೇ ಕೇಳುತ್ತಿತ್ತು. ಆಮೇಲೆ ಅವಳು, "ಬೆಳಗ್ಗೆ ಮೊದಲ್ನೇ ಬಸ್ಸಿಗೆ ಬಂದುಬಿಡ್ರಿ. ಊಟ ಇಲ್ಲೇ" ಎಂದು ಇಟ್ಟಳು.

"ಏನಂತೆ?" ಎಂದಳು ನಮ್ಮನೆಯವಳು.

"ಕಂಪ್ಯೂಟರ್ ಕೆಟ್ಟೈತಂತೆ."

"ಯಾರು ಕೆಡಿಸಿದ್ರು?"

"ನಾನೇ" ಎಂದೆ. ತಟ್ಟೆಯಿಂದ ಒಂದು ಅಡಿಕೆ ಹೋಳು ತೆಗೆದು ಬಾಯಿಗೆ ಹಾಕಿಕೊಂಡೆ.