ಅಲುಗಾಡುವ ಗಾಡಿಯಲ್ಲಿ ನರ ಹುಡುಕುವುದು

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಅಕ್ಕನ ಉದ್ದ ಜಡೆಯಿಂದ ಹಿಡಿದು ಓರಗಿತ್ತಿಯ ಹೊಸ ಫ್ರಿಜ್ಜಿನವರೆಗೆ ಎಲ್ಲದಕ್ಕೂ ಉರಿದುಕೊಂಡವಳು ನಾನು. ಆದರೆ ಕೆಲಸದ ವಿಷಯದಲ್ಲಿ ಉರಿದುಕೊಂಡದ್ದು ಒಬ್ಬಳ ಮೇಲೆ ಮಾತ್ರ.

ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ನರ್ಸ್. ಅವಳು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ, ಮನೆಯಲ್ಲಿ ತಮಿಳು ಮಾತಾಡುವ ಹುಡುಗಿ. ನಮ್ಮಲ್ಲಿಗೆ ಬಂದು ಮೂರು ವರ್ಷವಾಗಿತ್ತಷ್ಟೆ. ಆಸ್ಪತ್ರೆಯವರು ಹೊಸ ಆಂಬುಲೆನ್ಸ್ ತಂದು, ಅದರಲ್ಲಿ ಹೋಗಲು ನರ್ಸುಗಳಿಗೇ ತರಬೇತಿ ಕೊಡುತ್ತೇವೆ ಎಂದಾಗ ನಮ್ಮ ವಾರ್ಡಿನಿಂದ ನಾವಿಬ್ಬರೇ ಹೆಸರು ಕೊಟ್ಟೆವು. ತರಬೇತಿ ಇಬ್ಬರಿಗೂ, ಗಾಡಿಯ ಹೊಣೆ ಮಾತ್ರ ಒಬ್ಬರಿಗೆ. ಅದು ನನ್ನದೇ ಎಂದು ಆಗಲೇ ನಿರ್ಧರಿಸಿಬಿಟ್ಟಿದ್ದೆ. ಆಂಬುಲೆನ್ಸಿನವರ ನೀಲಿ ಅಂಗಿ, ಬೂಟು ಹಾಕಿದರೆ ಹೇಗೆ ಕಾಣುತ್ತೇನೆಂದು ಕನ್ನಡಿ ಮುಂದೆ ನಿಂತದ್ದೂ ಉಂಟು.

ಮೊದಲ ವಾರದಲ್ಲೇ ಆಟ ಕೆಟ್ಟಿತು. ಸ್ಟ್ರೆಚರ್ ಎತ್ತಲು ನನ್ನ ಸೊಂಟ ಒಪ್ಪಲಿಲ್ಲ. ಅವಳು ಖಾಲಿ ಬಿಂದಿಗೆ ಎತ್ತುವ ಹಾಗೆ ಎತ್ತಿದಳು. ತರಬೇತಿ ಕೊಡುವ ಮೇಷ್ಟ್ರು ಆಂಬುಲೆನ್ಸಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ಮನುಷ್ಯ. ಅವರ "ಭೇಷ್" ಎಲ್ಲ ಅವಳ ಪಾಲಿಗೇ ಹೋಗುತ್ತಿತ್ತು. ಒಂದೇ ಒಂದು ಕಡೆ ಅವಳು ಸೋಲುತ್ತಿದ್ದಳು: ಓಡುವ ಗಾಡಿಯಲ್ಲಿ ಡ್ರಿಪ್ ಸೂಜಿ ಹಾಕುವುದು. ನನಗೆ ಅದು ಸಲೀಸು.

"ಅಕ್ಕಾ, ನಂಗೂ ಹೇಳ್ಕೊಡಿ. ಗಾಡಿ ಅಲ್ಲಾಡಿದ್ರೆ ನರ ಸಿಗೋದೇ ಇಲ್ಲ."

"ಅಭ್ಯಾಸ ಆದ್ರೆ ಬರುತ್ತೆ ಕಣೇ. ನಂಗ್ಯಾರು ಹೇಳ್ಕೊಟ್ರು?"

ಸುಳ್ಳು. ಅದಕ್ಕೊಂದು ಉಪಾಯವಿದೆ. ಮಂಗಳೂರಿಗೆ ರೋಗಿಗಳನ್ನು ಸಾಗಿಸುವಾಗ, ಘಾಟಿಯ ತಿರುವುಗಳಲ್ಲಿ, ಹಿರಿಯ ನರ್ಸೊಬ್ಬರು ನನಗೆ ಹೇಳಿಕೊಟ್ಟದ್ದು. ರೋಗಿಯ ಕೈಯನ್ನು ನಮ್ಮ ತೊಡೆಯ ಮೇಲಿಟ್ಟುಕೊಂಡು, ನಮ್ಮ ಮೊಣಕೈಯನ್ನೂ ಅಲ್ಲೇ ಊರಬೇಕು. ಆಗ ಇಬ್ಬರ ಕೈಗಳೂ ಒಟ್ಟಿಗೇ ಅಲುಗಾಡುತ್ತವೆ, ನರ ತಪ್ಪಿಸಿಕೊಳ್ಳುವುದಿಲ್ಲ. ಎರಡು ವಾಕ್ಯದ ಮಾತು. ಅದು ನನ್ನ ಬಾಯಿಂದ ಹೊರಡಲಿಲ್ಲ.

ತರಬೇತಿಯ ಕೊನೆಯ ವಾರ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಿಂದ ನಿಜವಾದ ಕರೆಯೇ ಬಂತು. ಮೇಷ್ಟ್ರು ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಕೆಲಸಗಾರನೊಬ್ಬನ ಮುಂಗೈ ಯಂತ್ರಕ್ಕೆ ಸಿಕ್ಕಿ ರಕ್ತ ಚಿಮ್ಮುತ್ತಿತ್ತು. ನಾನೇ ಮುಂದೆ ನುಗ್ಗಿ ಗಾಯವನ್ನು ಒತ್ತಿ ಹಿಡಿದೆ. ಇನ್ನು ತೋಳಿಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸಬೇಕು. ಆದರೆ ಹದಿನಾಲ್ಕು ವರ್ಷದ ಅಭ್ಯಾಸ ನನ್ನ ಕತ್ತನ್ನು ಹಿಂದಕ್ಕೆ ತಿರುಗಿಸಿತು. ವಾರ್ಡಿನಲ್ಲಿ ಹಿಂದೆ ಯಾವಾಗಲೂ ಡಾಕ್ಟರ್ ಇರುತ್ತಾರೆ; ಅವರನ್ನು ಕೇಳದೆ ನಾವು ಮುಂದುವರಿಯುವುದಿಲ್ಲ.

"ಸರ್, ಪಟ್ಟಿ ಬಿಗೀಲಾ?" ಅಂದೆ.

ಹಿಂದೆ ನಿಂತಿದ್ದವನು ವರ್ಕ್‌ಶಾಪಿನ ವಾಚ್‌ಮನ್. ಟೋಪಿ ಸರಿಮಾಡಿಕೊಂಡು ಬಹಳ ಗಂಭೀರವಾಗಿ, "ಬಿಗೀರಿ ಮೇಡಂ" ಅಂದ.

ಅಷ್ಟರಲ್ಲಿ ಅವಳು ಪಟ್ಟಿ ಬಿಗಿದು, ಬಿಗಿದ ಸಮಯವನ್ನು ಅದರ ಮೇಲೆ ಬರೆದೂ ಆಗಿತ್ತು. ಗಾಯಗೊಂಡವನನ್ನು ತಮಿಳಿನಲ್ಲಿ ಮಾತಾಡಿಸುತ್ತ ಸಮಾಧಾನ ಮಾಡುತ್ತಿದ್ದಳು. ಮೇಷ್ಟ್ರು ನನ್ನನ್ನು ಬಿಟ್ಟು ಅವಳ ಜೊತೆ ಸ್ಟ್ರೆಚರಿಗೆ ಕೈ ಹಾಕಿದರು. ಬೈದಿದ್ದರೆ ಚೆನ್ನಾಗಿತ್ತು.

ಗಾಡಿ ಹೊರಟ ಮೇಲೆ ಅವಳು ಅವನ ಇನ್ನೊಂದು ಕೈಗೆ ಸೂಜಿ ಹಾಕಲು ಹೋಗಿ ಎರಡು ಸಲ ಸೋತಳು. "ಅಕ್ಕಾ, ನೀವೇ ಹಾಕಿ" ಅಂತ ಜಾಗ ಬಿಟ್ಟಳು. ನಾನು ಒಂದೇ ಸಲಕ್ಕೆ ಹಾಕಿದೆ. ಅವಳು ಎದುರು ಕೂತು ನೋಡುತ್ತಿದ್ದಳು. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ಆ ಮನುಷ್ಯ ನರಳುತ್ತಿದ್ದಾಗ ನನಗೆ ಖುಷಿಯಾಗಿತ್ತು. ಅವನು ಸುಮ್ಮಸುಮ್ಮನೆ ಚುಚ್ಚಿಸಿಕೊಂಡ ಆ ಎರಡು ಸಲವೂ ನನ್ನಿಂದಲೇ ಎಂಬುದು ಹೊಳೆದದ್ದು ಮನೆಗೆ ಹೋದ ಮೇಲೆ.

ಗಾಡಿ ಅವಳಿಗೇ ಹೋಯಿತು. ನಾನು ವಾರ್ಡಿಗೆ ಮರಳಿದೆ. ಅವಳ ಸೈರನ್ ಕೇಳಿದಾಗಲೆಲ್ಲ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದೆ. ರೋಗಿಯನ್ನು ಒಪ್ಪಿಸಲು ಬಂದರೆ ಅವಳ ಮುಖ ನೋಡದೆ ಕಾಗದಕ್ಕೆ ಸಹಿ ಹಾಕಿ ಕಳಿಸುತ್ತಿದ್ದೆ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಗಾಜನೂರಿನಿಂದ ಅಜ್ಜಿಯೊಬ್ಬರನ್ನು ತಂದಳು. ಒಣಗಿದ ಕೈ, ದಾರದಂಥ ನರ. ಆದರೂ ಸೂಜಿ ಅಚ್ಚುಕಟ್ಟಾಗಿ ಕೂತಿತ್ತು, ಬೇರೆಲ್ಲೂ ಚುಚ್ಚಿದ ಗುರುತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಗೇಟಿನವರೆಗೆ ಅವಳ ಹಿಂದೆ ಹೋದೆ.

"ಅವತ್ತು ನೀನು ಕೇಳಿದ್ಯಲ್ಲ, ಅದಕ್ಕೊಂದು ಉಪಾಯ ಇತ್ತು ಕಣೇ. ಬೇಕಂತ್ಲೇ ಹೇಳ್ಲಿಲ್ಲ."

ಅವಳು ಗ್ಲೌಸ್ ಕಳಚುತ್ತ ನಕ್ಕಳು. "ತೊಡೆ ಮೇಲೆ ಕೈ ಇಟ್ಕೊಳ್ಳೋದಾ? ಮಾಚೇನಹಳ್ಳಿಯಿಂದ ಬರ್ತಾನೇ ನೋಡ್ಕೊಂಡೆ ಅಕ್ಕಾ. ಈಗ ಹೊಸಬ್ರಿಗೂ ಹೇಳ್ಕೊಡ್ತಿದೀನಿ. ನಮ್ಮಕ್ಕ ಕಲಿಸಿದ್ದು ಅಂತಾನೇ ಹೇಳೋದು."

"ನಾನೆಲ್ಲಿ ಕಲಿಸ್ದೆ ಮಾರಾಯ್ತಿ?"

"ಅದೆಲ್ಲ ಅವ್ರಿಗ್ಯಾಕೆ?" ಅಂದಳು.

ಡ್ರೈವರ್ ಹಾರ್ನ್ ಹೊಡೆದ. ಅವಳು ಹತ್ತಿ ಬಾಗಿಲೆಳೆದುಕೊಂಡಳು.

ನಾನು ಅಲ್ಲೇ ನಿಂತಿದ್ದೆ. ಗಾಡಿ ಅವಳಿಗೆ ಸಿಕ್ಕಿದ್ದನ್ನು ಹೇಗೋ ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ, ಅಕ್ಕ ಬೇಕಂತಲೇ ಮುಚ್ಚಿಟ್ಟಳೆಂದು ಊರಿಗೆಲ್ಲ ಸಾರಿಬಿಡುತ್ತಿದ್ದೆ.